ಗ್ರಂಥಾಲಯದ ಮಹತ್ವ: ಐದಕ್ಕೆ ಐದು

ಹೋದ ತಿಂಗಳು ಊರಿಗೆ ಹೋಗಿದ್ದೆ. ಊರು ಅಂದ್ರೆ ಗುಡೂರು, ಬಾಗಲಕೋಟೆ ಜಿಲ್ಲೆ. ಇಳಕಲ್ ಸೀರೆ ಅಂದ್ರೆ ಎಲ್ಲರಿಗೂ ಗೊತ್ತು, ಅದರ ಹತ್ತಿರದ ಗುಡೂರು ಅಂದ್ರೆ ಬೆಂಗಳೂರಿನಲ್ಲಿ ಯಾರಿಗೂ ಗೊತ್ತಿಲ್ಲ. ಇರಲಿ ಬಿಡಿ.

ಎಂಟನೇ ಕ್ಲಾಸಿನಲ್ಲಿರುವ ಅಕ್ಕನ ಮಗ ಕಟ್ಟೆ ಮೇಲೆ ಕೂತು ಪ್ರಬಂಧ ಬರೀತಿದ್ದ. ಬರೀತಿದ್ದ ಅನ್ನೋದಕ್ಕಿಂತ, ಮೊಬೈಲಿನಲ್ಲಿ ಚಾಟ್‌ಜಿಪಿಟಿ ಕೊಟ್ಟಿದ್ದನ್ನ ನೋಟ್‌ಬುಕ್ಕಿಗೆ ಇಳಿಸ್ತಿದ್ದ. ವಿಷಯ: ‘ಗ್ರಂಥಾಲಯದ ಮಹತ್ವ’. ನನಗೆ ಸಿಟ್ಟು ಬಂತು. “ಸ್ವಂತ ಬರಿಯಾಕ ಏನಾಗೇತಿ ನಿನಗ?” ಅಂತ ಬೈದೆ. ಅವನು ತಲೆ ಎತ್ತದೇ, “ಮಾಮಾ, ನೀ ಹೆಂಗ ಬರದಿದ್ದಿ?” ಅಂದ.

ಅಲ್ಲಿಗೆ ನನ್ನ ಬಾಯಿ ಬಂದ್ ಆಯ್ತು.

ಯಾಕಂದ್ರೆ ಇದೇ ಪ್ರಬಂಧವನ್ನ ನಾನೂ ಬರೆದಿದ್ದೆ. ಪೀಠಿಕೆ, ವಿಷಯ ವಿವರಣೆ, ಉಪಸಂಹಾರ, ಅಡಿಗೆರೆ ಸಮೇತ. ಗೈಡಿನಿಂದ ಉರು ಹೊಡೆದದ್ದು. ಐದಕ್ಕೆ ಐದು ಬಂತು. ಆದರೆ ಅಲ್ಲೀತನಕ ನಾನು ಒಂದು ಸಲವೂ ಊರಿನ ಗ್ರಂಥಾಲಯದ ಒಳಗೆ ಕಾಲಿಟ್ಟಿರಲಿಲ್ಲ! ಮೇಷ್ಟ್ರೂ ಕೇಳಲಿಲ್ಲ, ನನಗೂ ಅದು ವಿಚಿತ್ರ ಅನ್ನಿಸಲಿಲ್ಲ.

ಹಾಗಂತ ನನಗೆ ಓದುವ ಆಸೆ ಇರಲಿಲ್ಲ ಅಂತಲ್ಲ. ನಮ್ಮ ಆಯಿಗೆ (ನಮ್ಮ ಕಡೆ ಅಜ್ಜಿಗೆ ಆಯಿ ಅಂತೀವಿ) ಅಕ್ಷರ ಬರ್ತಿರಲಿಲ್ಲ. ಆಕೆ ಮಗ್ಗದ ಮುಂದೆ ಕೂತಾಗ ನಾನು ಪೇಪರು ಓದಿ ಹೇಳಬೇಕಿತ್ತು. ಕಿರಾಣಿ ಕಟ್ಟಿಕೊಟ್ಟ ಹಳೇ ಪೇಪರೂ ನಡೀತಿತ್ತು. ಅರ್ಧಕ್ಕೆ ಹರಿದಿದ್ದರೆ, “ಮುಂದ ಏನಾತು, ನೀನ ಹೇಳು” ಅಂತಿದ್ಲು. ನಾನು ಕಟ್ಟಿ ಹೇಳ್ತಿದ್ದೆ. ಲಾಳಿ ನಿಂತ್ರೆ ಕಥೆ ಚೆನ್ನಾಗಿದೆ ಅಂತ ಅರ್ಥ. ನನ್ನ ಜೀವನದಲ್ಲಿ ಸಿಕ್ಕ ಅತಿ ಒಳ್ಳೆ ಮೌಲ್ಯಮಾಪನ ಅದೇ.

ಆಮೇಲೆ ಹೈಸ್ಕೂಲು ಬಂತು. ಕನ್ನಡ ಅಂದ್ರೆ 125 ಅಂಕದ ಪೇಪರ್ ಆಯ್ತು. ಬಾದಾಮಿಯ ಕಪ್ಪೆ ಅರಭಟ್ಟನ ಶಾಸನ ಒಂದು ಅಂಕದ ಪ್ರಶ್ನೆ ಆಯ್ತು. ಆಮೇಲೆ ಇಂಜಿನಿಯರಿಂಗ್. ಕನ್ನಡ ಮೀಡಿಯಮ್ಮಿನಿಂದ ಹೋದವನಿಗೆ ಮೊದಲ ಸೆಮಿಸ್ಟರ್ ಹೇಗಿರುತ್ತೆ ಅಂತ ಹೋದವರಿಗೇ ಗೊತ್ತು. ಅಲ್ಲೂ ಕೈ ಹಿಡಿದದ್ದು ಅದೇ ವಿದ್ಯೆ, ಉರು ಹೊಡೆಯೋದು. ಈಗ ಇಂಗ್ಲಿಷಿನಲ್ಲಿ, ಅಷ್ಟೇ.

ಕೆಲಸಕ್ಕೆ ಸೇರಿ ಎರಡನೇ ವರ್ಷ ಆಯಿ ತೀರಿಕೊಂಡಳು. ಪುಣ್ಯತಿಥಿಗೆ ಒಂದು ಕಾರ್ಡು ಮಾಡಿಸಬೇಕು, ಆಯಿ ಬಗ್ಗೆ ನಾಲ್ಕು ಸಾಲು ನೀನೇ ಬರಿ, ಓದಿದವನು ನೀನು ಅಂತ ಅಪ್ಪ ಹೇಳಿದರು. ಇಡೀ ರಾತ್ರಿ ಕೂತೆ. ಬಂದದ್ದು ಏನು ಗೊತ್ತಾ? ‘ಆದರ್ಶ ಗೃಹಿಣಿ’, ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’. ಯಾರ ಅಜ್ಜಿಗಾದರೂ ಹೊಂದುವ ಸಾಲುಗಳು. ಲಾಳಿ ನಿಲ್ಲಿಸುತ್ತಿದ್ದ ನನ್ನ ಆಯಿ ಅದರಲ್ಲಿ ಎಲ್ಲೂ ಇರಲಿಲ್ಲ. ಹಾಗೇ ಪ್ರಿಂಟಾಯ್ತು. ಎಲ್ಲರೂ ಚೆನ್ನಾಗಿದೆ ಅಂದರು. ನನಗೆ ಮಾತ್ರ ಇವತ್ತಿಗೂ ಆ ಕಾರ್ಡು ನೋಡೋಕಾಗಲ್ಲ.

ಅದಾದ ಕೆಲವು ದಿನಕ್ಕೆ ಬಾದಾಮಿಗೆ ಹೋಗಿ ಆ ಶಾಸನ ನೋಡಿದೆ. ಸುಮಾರು 700ನೇ ಇಸವಿಯದ್ದು ಅಂತಾರೆ. ಒಬ್ಬ ಮನುಷ್ಯ ಎಂಥವನಿದ್ದ ಅಂತ ಕೆಲವೇ ಸಾಲಿನಲ್ಲಿ ಹೇಳಿಬಿಟ್ಟಿದ್ದಾರೆ, ತ್ರಿಪದಿಯಲ್ಲಿ. ಬರವಣಿಗೆ ಯಾಕೆ ಬೇಕು ಅನ್ನೋದಕ್ಕೆ ನಮ್ಮ ಮನೆಯಿಂದ ಒಂದೆರಡು ತಾಸಿನ ದಾರಿಯಲ್ಲೇ ಉತ್ತರ ಇತ್ತು. ನಾನು ಅದನ್ನ ಬಿಟ್ಟ ಸ್ಥಳ ತುಂಬೋಕೆ ಬಳಸಿದ್ದೆ.

ಅದಕ್ಕೇ ಈಗ ನನ್ನ ಅಭಿಪ್ರಾಯ ಇಷ್ಟು. ಮಕ್ಕಳ ಬರವಣಿಗೆಯನ್ನ ಎಐ ಹಾಳು ಮಾಡ್ತಿದೆ ಅಂತ ಕೂಗುವ ಮೊದಲು ನಾವು ಎಂಥ ಬರವಣಿಗೆ ಕೇಳ್ತಿದ್ದೀವಿ ಅಂತ ನೋಡಿಕೊಳ್ಳಬೇಕು. ಯಾರು ಬರೆದರೂ ಒಂದೇ ಥರ ಇರುವ ಪ್ರಬಂಧ ಕೇಳಿದರೆ, ಅದನ್ನ ಯಂತ್ರ ಬರೆದುಕೊಡೋದರಲ್ಲಿ ಆಶ್ಚರ್ಯ ಏನಿದೆ? ಆ ಕೆಲಸವನ್ನ ಮೊದಲು ಗೈಡು ಮಾಡ್ತಿತ್ತು.

ಮೇಷ್ಟ್ರ ಕಷ್ಟ ನನಗೆ ಗೊತ್ತಿಲ್ಲ ಅಂತಲ್ಲ. ಒಂದೊಂದು ಕ್ಲಾಸಿನಲ್ಲಿ ಐವತ್ತು ಅರವತ್ತು ಮಕ್ಕಳು, ಮೇಲಿಂದ ಫಲಿತಾಂಶದ ಒತ್ತಡ. ಉರು ಹೊಡೆದ ಅಂಕಗಳೇ ನನ್ನನ್ನ ಇಂಜಿನಿಯರಿಂಗ್ ಸೀಟಿನತನಕ ತಂದವು, ಅದನ್ನೂ ಮರೆತಿಲ್ಲ. ಆದರೆ ವಾರಕ್ಕೊಂದು ಪುಟ, ಅಂಕ ಇಲ್ಲದ್ದು, ಕೆಂಪು ಇಂಕು ಬೀಳದ್ದು, ಇಷ್ಟು ಕೊಟ್ಟರೆ ಯಾರ ಫಲಿತಾಂಶವೂ ಕುಸಿಯೋದಿಲ್ಲ. ಪ್ರಶ್ನೆಯನ್ನೂ ಸ್ವಲ್ಪ ಬದಲಿಸಬಹುದು. ‘ಗ್ರಂಥಾಲಯದ ಮಹತ್ವ’ದ ಬದಲು ‘ನೀನು ಅರ್ಧಕ್ಕೇ ಬಿಟ್ಟ ಪುಸ್ತಕ ಯಾವುದು, ಯಾಕೆ?’ ಅಂತ ಕೇಳಿ ನೋಡಿ. ಅದಕ್ಕೆ ಉತ್ತರ ಬರೀಬೇಕಾದ್ರೆ ಮೊದಲು ಪುಸ್ತಕ ಹಿಡೀಬೇಕು. ಯಂತ್ರಕ್ಕೆ ಕೇಳಿದರೆ ಅದೂ ಏನೋ ಹೇಳುತ್ತೆ, ಆದರೆ ಅದು ಸುಳ್ಳು ಅಂತ ಬರೆದ ಹುಡುಗನಿಗಾದರೂ ಗೊತ್ತಿರುತ್ತೆ.

ಪುಸ್ತಕ ಎಲ್ಲಿದೆ ಅಂತೀರಾ? 2020ರ ನವೆಂಬರಿನಲ್ಲಿ ಶುರುವಾದ ‘ಓದುವ ಬೆಳಕು’ ಕಾರ್ಯಕ್ರಮದಲ್ಲಿ 6ರಿಂದ 18 ವರ್ಷದ ಮಕ್ಕಳಿಗೆ ಗ್ರಾಮ ಪಂಚಾಯಿತಿ ಗ್ರಂಥಾಲಯಗಳ ಸದಸ್ಯತ್ವ ಉಚಿತ ಮಾಡಿದ್ದಾರೆ. ಕೈ ಹಿಡಿದು ಕರೆದುಕೊಂಡು ಹೋಗುವವರು ಬೇಕು, ಅಷ್ಟೇ.

ಮರುದಿನ ಅಳಿಯನನ್ನ ಕರೆದುಕೊಂಡು ಹೋದೆ. ಅವನು ತೇಜಸ್ವಿಯವರ ‘ಕರ್ವಾಲೊ’ ಎತ್ತಿಕೊಂಡ, ಮುಖಪುಟ ನೋಡಿ. ಹತ್ತು ಪುಟ ಓದಿ ಸಾಕಾದರೆ ಬಿಡು, ಆದರೆ ಯಾಕೆ ಸಾಕಾಯ್ತು ಅಂತ ನನಗೆ ವಾಟ್ಸಾಪಿನಲ್ಲಿ ಬರಿ, ಕನ್ನಡದಲ್ಲೇ ಅಂತ ಹೇಳಿ ಬಂದೆ.

ನಿನ್ನೆ ಮೆಸೇಜು ಬಂತು. ಮೂರು ಸಾಲು, ಆರು ತಪ್ಪು. ‘ಮಾಮಾ ಇನ್ನು ಸಾಕಾಗಿಲ್ಲ’ ಅಂತ ಶುರುವಾಗಿತ್ತು.

ನಾನು ತಿದ್ದಲಿಲ್ಲ.