ಮನಸ್ಸು ಕನ್ನಡದ್ದು, ತರಬೇತಿ ಮಾತ್ರ ಇಂಗ್ಲಿಷಿನದ್ದೇ?

ಕನ್ನಡದ ಯುವಕ ಯುವತಿಯರೇ,

ಕಾಲು ಮುರಿದವನು ಒಂದು ಮಾತೂ ಆಡದಿದ್ದರೂ ವೈದ್ಯ ಪ್ಲಾಸ್ಟರ್ ಹಾಕಬಲ್ಲ. ಎಕ್ಸ್‌ರೇಗೆ ಭಾಷೆ ಬೇಕಿಲ್ಲ. ರಕ್ತ ಪರೀಕ್ಷೆಗೆ ವ್ಯಾಕರಣ ಬೇಕಿಲ್ಲ. ಆದರೆ ಮನಸ್ಸು ಮುರಿದವನ ಗತಿ ಏನು? ಅವನ ಎಕ್ಸ್‌ರೇ ಅವನ ಮಾತೇ. ಅವನ ರಕ್ತ ಪರೀಕ್ಷೆಯೂ ಅವನ ಮಾತೇ. ಗುಳಿಗೆ ಬಿಟ್ಟರೆ ಅವನಿಗೆ ಸಿಗುವ ಔಷಧವೂ ಮಾತೇ! ಆ ಮಾತು ಕನ್ನಡದ್ದು. ಅದನ್ನು ಕೇಳಿ ಅರ್ಥ ಮಾಡಿಕೊಳ್ಳಬೇಕಾದವರಿಗೆ ವರ್ಷ ವರ್ಷವೂ ಕೊಡುವ ತರಬೇತಿ ಮಾತ್ರ ಇಂಗ್ಲಿಷಿನದ್ದು. ಇದು ಯಾವ ನ್ಯಾಯ?

ಧಾರವಾಡದ ಮಾನಸಿಕ ಆಸ್ಪತ್ರೆ ಇಂದು ನಿನ್ನೆಯದಲ್ಲ. 1845ರಲ್ಲಿ, ಬ್ರಿಟಿಷರ ಕಾಲದಲ್ಲಿ ಶುರುವಾದದ್ದು. ಅಂದು ಜನ ಅದನ್ನು ಕರೆದದ್ದು ಹುಚ್ಚಾಸ್ಪತ್ರೆ ಎಂದು. ಇಂದು ಅದು ಧಾರವಾಡ ಮಾನಸಿಕ ಆರೋಗ್ಯ ಮತ್ತು ನರವಿಜ್ಞಾನ ಸಂಸ್ಥೆ, ಎಲ್ಲರ ಬಾಯಲ್ಲಿ ಡಿಮ್ಹಾನ್ಸ್. ಬೆಳಗಾವಿ, ಬಾಗಲಕೋಟೆ, ವಿಜಯಪುರ, ಗದಗ, ಹಾವೇರಿ, ಕೊಪ್ಪಳ, ಎಲ್ಲ ಕಡೆಯಿಂದಲೂ ಜನ ನಸುಕಿನಲ್ಲೇ ಬಸ್ಸು ಹತ್ತಿ ಇಲ್ಲಿಗೆ ಬರುತ್ತಾರೆ.

ಹಾಗೆ ಬಂದ ಒಬ್ಬ ತಾಯಿ ಏನು ಹೇಳುತ್ತಾಳೆ? 'ನನಗೆ ಡಿಪ್ರೆಶನ್' ಎನ್ನುತ್ತಾಳೆಯೇ? 'ಖಿನ್ನತೆ' ಎನ್ನುತ್ತಾಳೆಯೇ? ಎರಡೂ ಇಲ್ಲ. 'ಜೀವಕ್ಕ ಬ್ಯಾಸರ ಆಗೇತ್ರಿ, ನಿದ್ದಿ ಹತ್ತವಲ್ದು, ಎದಿ ಝಲ್ ಅಂತೈತ್ರಿ' ಎನ್ನುತ್ತಾಳೆ. ಈ 'ಜೀವಕ್ಕ ಬ್ಯಾಸರ' ಎಂದರೆ ಏನು? ಹೊಲದ ದಣಿವೋ? ಗಂಡನ ಮೇಲಿನ ಸಿಟ್ಟೋ? ಸಾಯಬೇಕೆಂಬ ಯೋಚನೆಯೋ? ಈ ಮೂರನ್ನು ಬೇರ್ಪಡಿಸುವುದೇ ಮನೋವೈದ್ಯನ, ಸಮಾಜ ಕಾರ್ಯಕರ್ತನ ಕಸುಬು. ಅತ್ತೆ ಪಕ್ಕದಲ್ಲೇ ಕೂತಿರುವಾಗ 'ಸಾಯಬೇಕು ಅನಸ್ತೈತೇನವ್ವಾ?' ಎಂದು ಯಾವಾಗ ಕೇಳಬೇಕು, ಹೇಗೆ ಕೇಳಬೇಕು, ಅತ್ತೆಯನ್ನು ಮೊದಲು ಹೇಗೆ ಹೊರಗೆ ಕಳಿಸಬೇಕು? ಇದನ್ನು ಇಂಗ್ಲಿಷ್ ಸ್ಲೈಡ್ ನೋಡಿ ಕಲಿಯಲು ಸಾಧ್ಯವೇ? ಇಲ್ಲಿ ಎಡವಿದರೆ ಹೋಗುವುದು ಅಂಕವಲ್ಲ, ಒಂದು ಜೀವ!

ಕಲಿಕೆ ಪದವಿಗೆ ಮುಗಿಯುವುದಿಲ್ಲ

ಈ ವೃತ್ತಿಯಲ್ಲಿ ಪದವಿ ಪಡೆದ ಮೇಲೂ ಕಲಿಯುತ್ತಲೇ ಇರಬೇಕು. ಹೊಸ ಔಷಧ ಬರುತ್ತದೆ, ಹೊಸ ಕಾಯ್ದೆ ಬರುತ್ತದೆ, ಮೊಬೈಲ್ ಜೂಜಿನಂಥ ಹೊಸ ಚಟ ಬರುತ್ತದೆ. ಅದಕ್ಕೇ ಮುಂದುವರಿಕೆ ಶಿಕ್ಷಣ ಎಂಬ ಏರ್ಪಾಡು. ವೈದ್ಯರು ಇಂಥ ಕಾರ್ಯಾಗಾರಗಳಲ್ಲಿ ಕೂತರೆ ವೈದ್ಯಕೀಯ ಪರಿಷತ್ತಿನ ಕ್ರೆಡಿಟ್ ಗಂಟೆ ಸಿಗುತ್ತದೆ. ಚಿಕಿತ್ಸಾ ಮನಶ್ಶಾಸ್ತ್ರಜ್ಞರಿಗೆ ಭಾರತೀಯ ಪುನರ್ವಸತಿ ಪರಿಷತ್ತು ಅಂಕದ ಪದ್ಧತಿ ಇಟ್ಟಿದೆ. ಆದರೆ ಸಮಾಜ ಕಾರ್ಯಕರ್ತರನ್ನು ದಶಕಗಳ ಕಾಲ ಯಾವ ಪರಿಷತ್ತೂ ಕೇಳಲಿಲ್ಲ. 2021ರಲ್ಲಿ ಸಹವೈದ್ಯಕೀಯ ವೃತ್ತಿಗಳ ರಾಷ್ಟ್ರೀಯ ಆಯೋಗದ ಕಾಯ್ದೆ ಬಂದಾಗಲೇ ಮನೋವೈದ್ಯಕೀಯ ಸಮಾಜ ಕಾರ್ಯಕರ್ತರ ಹೆಸರು ಪಟ್ಟಿಗೆ ಸೇರಿದ್ದು.

ಇಂಥ ಕಾರ್ಯಾಗಾರಗಳ ಆಹ್ವಾನ ಪತ್ರಿಕೆ ಕೈಗೆ ಸಿಕ್ಕರೆ ಓದಿ ನೋಡಿ. ಉಪನ್ಯಾಸ ಇಂಗ್ಲಿಷ್, ಚರ್ಚೆ ಇಂಗ್ಲಿಷ್, ಕೊನೆಯ ಪರೀಕ್ಷೆ ಇಂಗ್ಲಿಷ್. ಬಹುತೇಕ ಕಡೆ ಕನ್ನಡಕ್ಕೆ ಸಿಗುವ ಜಾಗ ಪ್ರಾರ್ಥನಾ ಗೀತೆ ಮತ್ತು ವಂದನಾರ್ಪಣೆ! ತಾಲೂಕು ಆಸ್ಪತ್ರೆಯ ಆಪ್ತಸಮಾಲೋಚಕಿ ಹಿಂದಿನ ಸಾಲಿನಲ್ಲಿ ಕೂತು, ಬಾಯಿ ಬಿಡದೆ, ಪ್ರಮಾಣ ಪತ್ರ ಹಿಡಿದು ಊರಿಗೆ ಹೋಗುತ್ತಾಳೆ. ರೋಗಿಗಳ ನಡುವೆ ಅತಿ ಹೆಚ್ಚು ಹೊತ್ತು ಕಳೆಯುವವಳು ಅವಳು. ಅತಿ ಕಡಿಮೆ ಕಲಿತು ಹೋಗುವವಳೂ ಅವಳೇ. ಅವಳಿಗೆ ಬುದ್ಧಿ ಕಡಿಮೆ ಎಂದಲ್ಲ, ಅವಳ ಭಾಷೆಯನ್ನು ಬಾಗಿಲ ಹೊರಗೆ ನಿಲ್ಲಿಸಿದ್ದಾರೆ ಎಂದು!

ಕಾಯ್ದೆ ಏನು ಹೇಳುತ್ತದೆ?

2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ 2018ರಿಂದ ಜಾರಿಯಲ್ಲಿದೆ. ಅದರ 22ನೇ ಕಲಮು ಓದಿ. ತನ್ನ ಕಾಯಿಲೆ ಏನು, ಚಿಕಿತ್ಸೆ ಏನು ಎಂಬುದನ್ನು ತನಗೆ ಅರ್ಥವಾಗುವ ಭಾಷೆಯಲ್ಲಿ ತಿಳಿಯುವುದು ರೋಗಿಯ ಹಕ್ಕು. ಭಿಕ್ಷೆಯಲ್ಲ, ಹಕ್ಕು! ಮುಂದೆ ಕಾಯಿಲೆ ಬಿದ್ದರೆ ತನಗೆ ಎಂಥ ಚಿಕಿತ್ಸೆ ಬೇಕು, ಎಂಥದ್ದು ಬೇಡ ಎಂದು ಮೊದಲೇ ಬರೆದಿಡುವ ಅವಕಾಶವನ್ನೂ ಈ ಕಾಯ್ದೆ ಕೊಟ್ಟಿದೆ. ನವಲಗುಂದದ ರೈತನಿಗೆ ಇದನ್ನು ತಿಳಿಸಿ ಹೇಳುವವರು ಯಾರು? ಇಂಗ್ಲಿಷಿನಲ್ಲಿ ಕಾಯ್ದೆ ಕಲಿತು, ರೋಗಿಯ ಎದುರು ಕೂತಾಗ ಕನ್ನಡದ ಪದಕ್ಕೆ ತಡಕಾಡುವವರೇ? ಸಿಬ್ಬಂದಿಯನ್ನು ತಯಾರು ಮಾಡುವ, ತರಬೇತಿ ಕೊಡಿಸುವ ಹೊಣೆಯನ್ನೂ ಇದೇ ಕಾಯ್ದೆ ಸರ್ಕಾರದ ಹೆಗಲಿಗೆ ಹಾಕಿದೆ. ರೋಗಿಯ ಹಕ್ಕು ಕನ್ನಡದಲ್ಲಿ, ತರಬೇತಿ ಇಂಗ್ಲಿಷಿನಲ್ಲಿ ಎಂದರೆ ಆ ಹಕ್ಕು ಕಾಗದದಲ್ಲೇ ಕೊಳೆಯುತ್ತದೆ.

2022ರ ಅಕ್ಟೋಬರ್‌ನಲ್ಲಿ ಶುರುವಾದ ಟೆಲಿ ಮಾನಸ್ ಸಹಾಯವಾಣಿಗೆ, ಅಂದರೆ 14416ಕ್ಕೆ, ಕರೆ ಮಾಡಿದರೆ ಕನ್ನಡದಲ್ಲಿ ಮಾತನಾಡಬಹುದು. ಒಳ್ಳೆಯದು. ಫೋನ್ ಮಾಡಿದವನಿಗೆ ಕನ್ನಡ ಬೇಕೆಂದು ದಿಲ್ಲಿಗೂ ತಿಳಿಯಿತು. ಫೋನ್ ಎತ್ತುವವನ ಕಲಿಕೆಗೂ ಕನ್ನಡ ಬೇಕೆಂದು ನಮ್ಮ ಬೆಂಗಳೂರಿಗೆ ಯಾವಾಗ ತಿಳಿಯುವುದು?

'ಕನ್ನಡದಲ್ಲಿ ವಿಜ್ಞಾನವೇ?'

ಕೆಲವು ಪಂಡಿತರು ಮೂಗು ಮುರಿಯುತ್ತಾರೆ. ಕನ್ನಡದಲ್ಲಿ ಮನೋವಿಜ್ಞಾನ ಎಲ್ಲಿದೆ ಎನ್ನುತ್ತಾರೆ. ಸ್ವಾಮಿ, ಡಾ. ಎಂ. ಶಿವರಾಂ ಅವರ 'ಮನಮಂಥನ' ಎಂಬ ಮನೋವೈದ್ಯಕೀಯ ಗ್ರಂಥಕ್ಕೆ 1976ರಲ್ಲೇ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದಿದೆ! ನಿಮ್ಹಾನ್ಸ್‌ನಲ್ಲಿದ್ದ ಡಾ. ಸಿ. ಆರ್. ಚಂದ್ರಶೇಖರ್ ಜೀವನವಿಡೀ ಕನ್ನಡದಲ್ಲಿ ಮನೋರೋಗಗಳ ಬಗ್ಗೆ ಪುಸ್ತಕ ಬರೆದಿದ್ದಾರೆ. 1985ರಲ್ಲಿ ನಿಮ್ಹಾನ್ಸ್ ಬಳ್ಳಾರಿ ಜಿಲ್ಲೆಯನ್ನು ಆರಿಸಿಕೊಂಡು, ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರಿಗೂ ಆರೋಗ್ಯ ಕಾರ್ಯಕರ್ತರಿಗೂ ತರಬೇತಿ ಕೊಟ್ಟು, ಮಾನಸಿಕ ಚಿಕಿತ್ಸೆಯನ್ನು ಹಳ್ಳಿಗೆ ಒಯ್ದಿತು. 1996ರಲ್ಲಿ ಶುರುವಾದ ರಾಷ್ಟ್ರಮಟ್ಟದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಇದೇ ಬಳ್ಳಾರಿ. ಕನ್ನಡದ ನೆಲ ದೇಶಕ್ಕೆ ದಾರಿ ತೋರಿಸಿದೆ. ನಾವೇ ಆ ದಾರಿ ಮರೆತಿದ್ದೇವೆ!

ಇಂಗ್ಲಿಷ್ ಬೇಡ ಎಂದು ನಾವು ಹೇಳುತ್ತಿಲ್ಲ. ಸಂಶೋಧನೆಯನ್ನು ಇಂಗ್ಲಿಷಿನಲ್ಲಿ ಓದಲಿ, ಜಗತ್ತಿನ ಜ್ಞಾನವೆಲ್ಲ ಬರಲಿ. ಹೊರ ರಾಜ್ಯದಿಂದ ಬಂದ ವೈದ್ಯರ ಮೇಲೂ ನಮಗೆ ಹಗೆ ಇಲ್ಲ. ಅವರಿಗೆ ಕನ್ನಡ ಕಲಿಸಿ ಎನ್ನುತ್ತೇವೆ. ಆದರೆ ರೋಗಿಯೊಂದಿಗೆ ಮಾತನಾಡುವ ಅಭ್ಯಾಸ ರೋಗಿಯ ಭಾಷೆಯಲ್ಲೇ ನಡೆಯಬೇಕು. ಈಜು ಕಲಿಸುವುದು ನೀರಿನಲ್ಲಿ, ನಕಾಶೆಯ ಮೇಲಲ್ಲ.

ನಮ್ಮ ಬೇಡಿಕೆ

ಒಂದು: ಸರ್ಕಾರದ ಹಣದಲ್ಲಿ ನಡೆಯುವ ಮಾನಸಿಕ ಆರೋಗ್ಯ ತರಬೇತಿಗಳಲ್ಲಿ ರೋಗಿಯ ಸಂದರ್ಶನ, ಕುಟುಂಬ ಸಮಾಲೋಚನೆ, ಕಾಯ್ದೆಯ ತಿಳಿವಳಿಕೆ ಇವಿಷ್ಟೂ ಕನ್ನಡದಲ್ಲೇ ನಡೆಯಲಿ. ಅದಕ್ಕೂ ಸಮಾನ ಅಂಕ ಸಿಗಲಿ.

ಎರಡು: ಡಿಮ್ಹಾನ್ಸ್ ಮತ್ತು ಕರ್ನಾಟಕ ವಿಶ್ವವಿದ್ಯಾಲಯ ಕೂಡಿ, ಜನ ಸಂಕಟ ಹೇಳಿಕೊಳ್ಳುವ ಉತ್ತರ ಕರ್ನಾಟಕದ ಮಾತುಗಳನ್ನು ಸಂಗ್ರಹಿಸಿ ಒಂದು ಕೈಪಿಡಿ ತರಲಿ.

ಮೂರು: ತಾಲೂಕು ಮಟ್ಟದ ಸಮಾಜ ಕಾರ್ಯಕರ್ತರಿಗೂ ಆಪ್ತಸಮಾಲೋಚಕರಿಗೂ ಪ್ರತಿ ವರ್ಷ ತರಬೇತಿ ಸಿಗಲಿ. ಆ ದಿನಗಳ ಸಂಬಳ, ಪ್ರಯಾಣ ಭತ್ಯೆ ಕತ್ತರಿಸದಿರಲಿ.

ಕೊನೆಗೆ ನಮ್ಮವರಿಗೇ ಒಂದು ಮಾತು. 1982ರಲ್ಲಿ ಗೋಕಾಕ್ ಚಳವಳಿಯ ಕಿಚ್ಚು ಹೊತ್ತಿದ್ದು ಇದೇ ಧಾರವಾಡದ ನೆಲದಲ್ಲಿ. ಆ ನೆಲದ ಮಕ್ಕಳು ಇಂಗ್ಲಿಷ್ ನಾಮಫಲಕಕ್ಕೆ ಮಸಿ ಬಳಿದು, ಫೋಟೊ ತೆಗೆಸಿಕೊಂಡು ಮನೆಗೆ ಹೋದರೆ ಸಾಲದು. ಫಲಕದ ಹಿಂದಿನ ಕೋಣೆಯಲ್ಲಿ ಏನು ನಡೆಯುತ್ತಿದೆ ಎಂದು ಕೇಳಬೇಕು. ಸಮಾಜ ಕಾರ್ಯ ಓದುತ್ತಿರುವ ತಂಗಿಯರೇ, ತಮ್ಮಂದಿರೇ, ಮುಂದಿನ ಕಾರ್ಯಾಗಾರದಲ್ಲಿ ಎದ್ದು ನಿಂತು ಪ್ರಶ್ನೆಯನ್ನು ಕನ್ನಡದಲ್ಲೇ ಕೇಳಿ. ತರಬೇತಿಗೆ ಎಷ್ಟು ಹಣ ಖರ್ಚಾಯಿತು, ಅದರಲ್ಲಿ ಕನ್ನಡಕ್ಕೆ ಎಷ್ಟು ಎಂದು ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ. ಉತ್ತರ ಬಾರದಿದ್ದರೆ ಮೇಲ್ಮನವಿ ಹಾಕಿ.

ನೊಂದ ಜೀವದ ಮಾತು ಕನ್ನಡದಲ್ಲಿದೆ. ಅದನ್ನು ಕೇಳಿಸಿಕೊಳ್ಳುವ ವಿದ್ಯೆಯೂ ಕನ್ನಡದಲ್ಲೇ ಬರಲಿ!

ಸಿರಿಗನ್ನಡಂ ಗೆಲ್ಗೆ!