ಒಂದು ರೂಪಾಯಿಯ ಕಾದಂಬರಿ

ಚಿತ್ರದುರ್ಗ ಜಿಲ್ಲೆಯ ಹೊಸದುರ್ಗ ತಾಲ್ಲೂಕಿನಲ್ಲಿ ಹಾಲುರಾಮೇಶ್ವರವೆಂಬ ಪುಣ್ಯಕ್ಷೇತ್ರವುಂಟು. ಅಲ್ಲಿನ ಕೊಳದ ಮುಂದೆ ಕುಳಿತು ಭಕ್ತಿಯಿಂದ ಬೇಡಿಕೊಂಡವರಿಗೆ ನೀರಿನೊಳಗಿನಿಂದ ಪ್ರಸಾದವು ಮೇಲೆದ್ದು ಬರುವುದೆಂದು ಸುತ್ತಣ ಸೀಮೆಯ ಜನರ ನಂಬಿಕೆ. ಭಕ್ತರ ಮಟ್ಟಿಗೆ ಅದು ಸರಿಯೇ. ಆದರೆ ಹೊಸದಾಗಿ ಲೇಖನಿ ಹಿಡಿಯುವ ತರುಣರಲ್ಲಿ ಅನೇಕರು ಸಾಹಿತ್ಯವನ್ನೂ ಇಂಥದೊಂದು ಕೊಳವೆಂದೇ ಬಗೆಯುತ್ತಾರೆ. ಕಣ್ಣು ಮುಚ್ಚಿ ಕಾದರೆ ಸ್ಫೂರ್ತಿ ತಾನಾಗಿ ತೇಲಿ ಬರುವುದೆಂದೂ, ಬಾರದಿದ್ದರೆ ತಾವು ಬರೆಯಲು ಹುಟ್ಟಿದವರೇ ಅಲ್ಲವೆಂದೂ ತಿಳಿಯುತ್ತಾರೆ. ಇವೆರಡೂ ತಪ್ಪು ತಿಳಿವಳಿಕೆಗಳು.

ಇದೇ ಜಿಲ್ಲೆಯ ತಳುಕಿನ ಮನೆತನಕ್ಕೆ ಸೇರಿದ ತ.ರಾ.ಸುಬ್ಬರಾಯರ ಬಾಲ್ಯದ ಸಂಗತಿಯೊಂದನ್ನು ಹೇಳುವುದುಂಟು. ಅವರ ದೊಡ್ಡಪ್ಪ ಟಿ.ಎಸ್. ವೆಂಕಣ್ಣಯ್ಯನವರು ಮೈಸೂರಿನಲ್ಲಿ ಕನ್ನಡ ಪ್ರಾಧ್ಯಾಪಕರಾಗಿದ್ದವರು. ಕುವೆಂಪು ಅವರು ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯವನ್ನು ಅರ್ಪಿಸಿರುವುದು ಈ ಗುರುವಿಗೇ. ಅಂಥ ಹಿರಿಯರೊಡನೆ ಹುಡುಗ ಸುಬ್ಬರಾಯ ಪಂದ್ಯ ಕಟ್ಟಿದ. ದೊಡ್ಡಪ್ಪನಿಗಿಂತ ಚೆನ್ನಾಗಿ ತಾನು ಬರೆಯಬಲ್ಲೆನೆಂಬುದು ಅವನ ಸವಾಲು. ಗೆದ್ದರೆ ಒಂದು ರೂಪಾಯಿ ಬಹುಮಾನ. ಹುಡುಗ ‘ಪುಟಾಣಿ ಮತ್ತು ಚೋಮು’ ಎಂಬ ಕಥೆಯನ್ನು ಬರೆದು ತಂದ. ರೂಪಾಯಿ ಅವನ ಕೈಸೇರಿತು.

ಈ ಪ್ರಸಂಗವನ್ನು ಕೇಳಿ ನಗುವವರಿದ್ದಾರೆ. ಸರಸ್ವತಿಯ ಸೇವೆ ಒಂದು ರೂಪಾಯಿಯ ಆಸೆಯಿಂದ ಆರಂಭವಾಗಬಹುದೇ ಎಂದು ಮೂಗು ಮುರಿಯುವವರೂ ಇದ್ದಾರೆ. ಆಗಬಹುದು. ಹಣದ ಆಸೆ, ಹಿರಿಯರನ್ನು ಮೀರಿಸುವ ಹಟ, ತನ್ನ ಹೆಸರನ್ನು ಅಚ್ಚಿನಲ್ಲಿ ಕಾಣುವ ಹಂಬಲ, ಮನಸ್ಸಿನ ನೋವು ಇವುಗಳಲ್ಲಿ ಯಾವುದಾದರೂ ಒಂದು ಮೊದಲ ಬಾರಿ ಬರೆಯುವವನನ್ನು ಕಾಗದದ ಮುಂದೆ ಕೂರಿಸುತ್ತದೆ. ಕೂರಿಸಿದ್ದು ಯಾವುದೆಂಬುದು ಅಷ್ಟು ದೊಡ್ಡ ಪ್ರಶ್ನೆಯಲ್ಲ. ಮೊದಲ ಪುಟವನ್ನು ಹುರುಪು ಬರೆಸೀತು. ಹತ್ತನೆಯ ಪುಟವನ್ನು ಬರೆಸುವ ಶಕ್ತಿ ಅದಕ್ಕಿಲ್ಲ. ಅಲ್ಲಿ ಬರೆಯುವವನ ಕೈಹಿಡಿಯುವುದು ಅವನಿಗೆ ನಿಜವಾಗಿ ತಿಳಿದಿರುವ ವಸ್ತು ಮತ್ತು ಅವನಿಗೆ ನಿಜವಾಗಿ ಒಲಿದಿರುವ ಭಾಷೆ.

ಕುವೆಂಪು ಅವರ ಮೊದಲ ಹೆಜ್ಜೆಯನ್ನೇ ನೋಡಬಹುದು. 1922ರಲ್ಲಿ ಪ್ರಕಟವಾದ ಅವರ ಮೊದಲ ಸಂಕಲನ ‘ಬಿಗಿನರ್ಸ್ ಮ್ಯೂಸ್’ ಇಂಗ್ಲಿಷ್ ಕವಿತೆಗಳದು. ಮುಂದೆ ಐರಿಷ್ ಕವಿ ಜೇಮ್ಸ್ ಕಸಿನ್ಸ್ ಅವರು ಮಾತೃಭಾಷೆಯಲ್ಲಿ ಬರೆಯುವಂತೆ ಬುದ್ಧಿ ಹೇಳಿದರು. ಆ ತರುಣನಲ್ಲಿ ಉತ್ಸಾಹಕ್ಕೇನೂ ಕೊರತೆಯಿರಲಿಲ್ಲ; ತಿದ್ದಿಕೊಳ್ಳಬೇಕಾದದ್ದು ದಾರಿಯನ್ನು.

ವಸ್ತುವಿನ ವಿಷಯದಲ್ಲಿಯೂ ಹೀಗೆಯೇ. ಹೊಸದುರ್ಗ, ಹಿರಿಯೂರುಗಳ ಕಡೆಯ ವಿದ್ಯಾರ್ಥಿಗೆ ಕಥೆ ಬರೆಯಬೇಕೆನಿಸಿದಾಗ ಅವನ ಮನಸ್ಸು ಕಾಶ್ಮೀರದ ಹಿಮಕ್ಕೋ ಕಡಲ ತೀರದ ಬೆಳುದಿಂಗಳಿಗೋ ಓಡುತ್ತದೆ. ಅವನ ಬಳಿಯಲ್ಲೇ ವೇದಾವತಿ ನದಿಯಿದೆ. ಆ ನದಿಗೆ ಕಟ್ಟಿದ ವಾಣಿವಿಲಾಸ ಸಾಗರ, ಜನರ ಮಾತಿನ ಮಾರಿಕಣಿವೆ, 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ನಡುವಣ ಎಂಬತ್ತೊಂಬತ್ತು ವರ್ಷ ಮೋಡ ನೋಡಿ ಬದುಕಿದ ತಲೆಮಾರುಗಳು ಎಷ್ಟೋ! ಒಣಗಿದ ತೆಂಗಿನ ತೋಟ, ಬತ್ತಿದ ಬಾವಿ, ಕೋಡಿ ನೋಡಲು ಮೊಮ್ಮಕ್ಕಳ ಕೈಹಿಡಿದು ಹೋದ ಮುದುಕರು ಇವೆಲ್ಲ ಮನೆಯ ಜಗಲಿಯ ಮೇಲೆಯೇ ಕೇಳಸಿಗುವ ಕಥೆಗಳು. ಹಿಮವನ್ನು ಕಾಣದವನು ಹಿಮವನ್ನು ವರ್ಣಿಸಿದರೆ ಅದು ಬೇರೆಯವರ ಪುಸ್ತಕದ ಹಿಮವಾಗುತ್ತದೆ.

ಸುಬ್ಬರಾಯರು ಬೆಳೆದ ಮೇಲೆ ಹೋದ ದಾರಿ ಸುಗಮವಾದುದಲ್ಲ. ಬರವಣಿಗೆಯಿಂದಲೇ ಬದುಕಬೇಕೆಂದು ಅವರ ತಂದೆ ಮಾತು ತೆಗೆದುಕೊಂಡಿದ್ದರಂತೆ. 1942ರ ಚಳುವಳಿಯಲ್ಲಿ ಸೆರೆಮನೆ ಸೇರಿದರು, ಓದು ನಿಂತಿತು, ಪತ್ರಿಕೆಗಳಲ್ಲಿ ದುಡಿದರು, ಅರವತ್ತಕ್ಕೂ ಹೆಚ್ಚು ಕಾದಂಬರಿಗಳನ್ನು ಬರೆದರು. ಲೇಖನಿಯನ್ನೇ ನೇಗಿಲಾಗಿ ಮಾಡಿಕೊಂಡವನಿಗೆ ಬಿತ್ತುವ ಹದಕ್ಕಾಗಿ ಕಾಯುವ ಬಿಡುವಿರುವುದಿಲ್ಲ. ಅವರ ಎಲ್ಲ ಕೃತಿಗಳೂ ಒಂದೇ ತೂಕದವಲ್ಲವೆಂಬುದನ್ನು ಅವರ ಅಭಿಮಾನಿಗಳೂ ಒಪ್ಪಬೇಕು. ಆದರೆ ಚಿತ್ರದುರ್ಗದ ನೆಲಕ್ಕೆ ಮರಳಿದಾಗಲೆಲ್ಲ ಅವರ ಬರಹದ ಕಳೆಯೇ ಬೇರೆ. ಸಂಗೀತಗಾರನೊಬ್ಬನ ಬಾಳನ್ನು ಹೇಳುವ ‘ಹಂಸಗೀತೆ’ಯಲ್ಲಿ, ಪಾಳೆಯಗಾರರ ಮನೆಯ ಒಳಜಗಳವನ್ನು ಚಿತ್ರಿಸುವ ‘ಕಂಬನಿಯ ಕುಯಿಲು’, ‘ರಕ್ತರಾತ್ರಿ’, ‘ತಿರುಗುಬಾಣ’ಗಳಲ್ಲಿ ಈ ಕಳೆಯನ್ನು ಕಾಣಬಹುದು.

ದುರ್ಗದ ಕಥೆಗಳಲ್ಲೆಲ್ಲ ದೊಡ್ಡದು, 1779ರಲ್ಲಿ ಹೈದರಾಲಿಯ ಕೈಗೆ ಕೋಟೆ ಬಿದ್ದ ಕಥೆ, ಕೊನೆಯ ನಾಯಕ ಮದಕರಿಯ ಕಥೆ. ಹೊಸ ಬರಹಗಾರನಾದರೆ ಅದನ್ನೇ ಮೊದಲು ಕೈಗೆತ್ತಿಕೊಂಡು ಮೂರನೆಯ ಅಧ್ಯಾಯದಲ್ಲಿ ಕೈಬಿಡುತ್ತಿದ್ದನೇನೋ. ಸುಬ್ಬರಾಯರು ಅದಕ್ಕೆ ಮೊದಲಿನ ನಾಯಕರ ಕಾಲವನ್ನೆಲ್ಲ ಕಾದಂಬರಿಯಿಂದ ಕಾದಂಬರಿಗೆ ಸುತ್ತಿ ಬಂದು, ಕೋಟೆಯ ಬಾಗಿಲುಗಳೆಲ್ಲ ಕೈಯಳತೆಗೆ ಬಂದ ಮೇಲೆ ‘ದುರ್ಗಾಸ್ತಮಾನ’ವನ್ನು ಬರೆದರು. ಅದು ಹೊರಬಂದದ್ದು 1982ರಲ್ಲಿ, ಅವರ ಅರವತ್ತೆರಡನೆಯ ವಯಸ್ಸಿನಲ್ಲಿ. 1985ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯು ಆ ಕಾದಂಬರಿಗೆ ಬಹುಮಾನವನ್ನಿತ್ತಾಗ, ದೊಡ್ಡಪ್ಪನ ಕೈಯಿಂದ ರೂಪಾಯಿ ಗೆದ್ದಿದ್ದ ಆ ಹುಡುಗ ತೀರಿಕೊಂಡು ಒಂದು ವರ್ಷವಾಗಿತ್ತು.