ಫೋಟೋ ತೆಗೆದರೆ ಪುಸ್ತಕವಾಗದು

ಸರ್ಕಾರಿ ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವ ಗೆಳೆಯರೊಬ್ಬರಿದ್ದಾರೆ. ಹುಟ್ಟಿನಿಂದಲೇ ಅವರಿಗೆ ಕಣ್ಣು ಕಾಣದು. ಹಳೆಯ ಛಂದಸ್ಸಿನ ಪುಸ್ತಕವೊಂದು ಅವರಿಗೆ ಬೇಕಾಗಿತ್ತು. ಅಂತರ್ಜಾಲದಲ್ಲಿ ಸಿಕ್ಕಿತು, ಇಳಿಸಿಕೊಂಡು ತೆರೆದರು. ಸ್ಕ್ರೀನ್ ರೀಡರ್ ಹೇಳಿದ್ದು ಒಂದೇ ಮಾತು: ದಾಖಲೆ ಖಾಲಿ ಇದೆ. ಮುನ್ನೂರು ಪುಟದ ಪುಸ್ತಕ ಖಾಲಿಯಂತೆ!

ಯಂತ್ರ ಸುಳ್ಳು ಹೇಳಿರಲಿಲ್ಲ. ಆ ಪಿಡಿಎಫ್‌ನಲ್ಲಿ ಇದ್ದದ್ದು ಮುನ್ನೂರು ಫೋಟೋಗಳು. ಅಕ್ಷರ ಒಂದೂ ಇರಲಿಲ್ಲ. ನಮ್ಮ ಕಣ್ಣಿಗೆ ಅದು ಪುಸ್ತಕ, ಅವರ ಕಿವಿಗೆ ಬಿಳಿ ಹಾಳೆ.

ಇದಕ್ಕೆ ಡಿಜಿಟಲೀಕರಣ ಎಂಬ ದೊಡ್ಡ ಹೆಸರಿಟ್ಟು ಎರಡು ದಶಕಗಳಿಂದ ಬೆನ್ನು ತಟ್ಟಿಕೊಳ್ಳುತ್ತಿದ್ದೇವೆ. ಈ ಶತಮಾನದ ಆರಂಭದಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನೇತೃತ್ವದಲ್ಲಿ ‘ಡಿಜಿಟಲ್ ಲೈಬ್ರರಿ ಆಫ್ ಇಂಡಿಯಾ’ ಶುರುವಾದಾಗ ಕನ್ನಡದ ಅಚ್ಚನ್ನು ಓದಬಲ್ಲ ಓಸಿಆರ್ ತಂತ್ರಾಂಶ ಜನರ ಕೈಗೆ ಸಿಗುವಂತಿರಲಿಲ್ಲ. ಆದ್ದರಿಂದ ಅಂದಿನವರನ್ನು ದೂರುವುದಿಲ್ಲ. ಇಂದು ಆ ನೆಪ ಉಳಿದಿಲ್ಲ. ಉಚಿತವಾಗಿ ಸಿಗುವ ಟೆಸರಾಕ್ಟ್‌ಗೆ ಕನ್ನಡ ಬರುತ್ತದೆ. ಅದೇ ವಿಜ್ಞಾನ ಸಂಸ್ಥೆಯ ಪ್ರಯೋಗಾಲಯದಲ್ಲಿ ‘ಲಿಪಿ ಜ್ಞಾನಿ’ ಎಂಬ ಕನ್ನಡದ್ದೇ ಓಸಿಆರ್ ರೂಪುಗೊಂಡಿದೆ. ಆದರೂ ಎಷ್ಟು ಪುಟ ಸ್ಕ್ಯಾನ್ ಆಯಿತು ಎಂಬ ಲೆಕ್ಕ ಕೊಡುವವರು ಎಷ್ಟು ಪುಟ ಓದಲು ಬರುತ್ತದೆ ಎಂದು ಹೇಳುವುದಿಲ್ಲ. ನನ್ನ ಒತ್ತಾಯ ಇಷ್ಟೆ: ಸಾರ್ವಜನಿಕರ ದುಡ್ಡಿನಲ್ಲಿ ನಡೆಯುವ ಸ್ಕ್ಯಾನಿಂಗ್‌ನಲ್ಲಿ ಗುತ್ತಿಗೆದಾರ ಯೂನಿಕೋಡ್ ಪಠ್ಯವನ್ನೂ ಒಪ್ಪಿಸುವ ತನಕ ಬಿಲ್ ಪಾಸಾಗಕೂಡದು.

ಇದಕ್ಕೆ ಮೊದಲ ಆಕ್ಷೇಪ ವಿದ್ವಾಂಸರದು. ಓಸಿಆರ್ ಮಾಡಿದ ಪಠ್ಯದ ತುಂಬ ತಪ್ಪು, ಅಂಥದ್ದನ್ನು ಹೊರಬಿಟ್ಟರೆ ಗ್ರಂಥಕ್ಕೇ ಅಪಚಾರ ಎನ್ನುತ್ತಾರೆ. ತಪ್ಪುಗಳಿರುವುದು ನಿಜ. ಸವೆದ ಮೊಳೆಯ ಅಚ್ಚು, ಹಿಂಬದಿಯ ಮಸಿ ಇಣುಕುವ ತೆಳು ಕಾಗದ, ಬೆನ್ನಿನ ಬಳಿ ಬಾಗಿದ ಸಾಲು, ನಡು ಪುಟದಲ್ಲೇ ಗ್ರಂಥಾಲಯದ ಮೊಹರು, ಇವೆಲ್ಲ ಯಂತ್ರದ ಕಣ್ಣು ಕಟ್ಟುತ್ತವೆ. ‘ಮ’ ಹೋಗಿ ‘ವು’ ಆಗುತ್ತದೆ. ಒತ್ತಕ್ಷರ ಕಳಚಿ ಕೆಳಗಿನ ಸಾಲಿಗೆ ಬೀಳುತ್ತದೆ. ಅರ್ಕಾವೊತ್ತಿನದಂತೂ ತಮಾಷೆಯ ಕಥೆ: ಅದು ಕನ್ನಡದ ಒಂಬತ್ತರ ಅಂಕಿಯ ತದ್ರೂಪು. ಹಾಗಾಗಿ ‘ಕರ್ಮ’ ಎಂಬುದು ‘ಕಮ೯’ ಆಗಿ, ಸ್ಕ್ರೀನ್ ರೀಡರ್ ಗಂಭೀರ ದನಿಯಲ್ಲಿ ‘ಕಮ ಒಂಬತ್ತು’ ಎಂದು ಓದುತ್ತದೆ. ಪ್ರತಿ ಪುಟದ ನೆತ್ತಿಯ ಮೇಲಿರುವ ಪುಸ್ತಕದ ಹೆಸರನ್ನು ವಾಕ್ಯದ ನಡುವೆ ತೂರಿಸುವುದು ಇನ್ನೊಂದು ಕಾಟ.

ಆದರೆ ಈ ಕಾಟ ಬೇಕೋ ಬೇಡವೋ ಎಂದು ತೀರ್ಮಾನಿಸಬೇಕಾದವರು ಯಾರು? ಪುಟ ನೋಡಿ ಓದಬಲ್ಲ ನಾವಂತೂ ಅಲ್ಲ. ‘ಕಮ ಒಂಬತ್ತು ಅಂದ್ರೆ ಕರ್ಮ ಅಂತ ಎರಡನೇ ಪುಟಕ್ಕೇ ಗೊತ್ತಾಗುತ್ತೆ ಸಾರ್, ಖಾಲಿ ಅಂದ್ರೆ ಏನಂತ ಊಹಿಸ್ಲಿ?’ ಎಂದು ಗೆಳೆಯರು ಕೇಳಿದರು. ಶುದ್ಧ ಪ್ರತಿ ಸಿದ್ಧವಾಗಲಿ, ಯಾರು ಬೇಡವೆಂದರು. ಅದು ಬರುವವರೆಗೆ ಕರಡನ್ನು ಬಚ್ಚಿಡುವುದು ಮಡಿವಂತಿಕೆ.

ಎರಡನೆಯ ಆಕ್ಷೇಪ ಪ್ರಕಾಶಕರದು. ಪಠ್ಯ ಕೊಟ್ಟರೆ ಕದಿಯುತ್ತಾರೆ ಎಂಬ ಭಯ. ಅಲ್ಲ ಸ್ವಾಮಿ, ಜನಪ್ರಿಯ ಕಾದಂಬರಿಗಳ ಕಳ್ಳ ಪಿಡಿಎಫ್‌ಗಳು ವಾಟ್ಸ್ಆ್ಯಪ್‌ನಲ್ಲಿ ಓಡಾಡುತ್ತಿರುವುದು ಅಂಧ ಓದುಗರಿಂದಲೇ? ಕಾನೂನು ಈ ವಾದವನ್ನು ಎಂದೋ ಕೇಳಿ, ತೂಗಿ, ಬದಿಗಿಟ್ಟಿದೆ. ಹಕ್ಕುಸ್ವಾಮ್ಯ ಕಾಯ್ದೆಗೆ 2010ರಲ್ಲಿ ತಂದ ಮಸೂದೆಯಲ್ಲಿ ಬ್ರೈಲ್‌ನಂಥ ವಿಶೇಷ ರೂಪಗಳಿಗಷ್ಟೇ ವಿನಾಯಿತಿ ಇತ್ತು. ಅಂಗವಿಕಲರ ಸಂಘಟನೆಗಳು ಪಟ್ಟು ಹಿಡಿದದ್ದರಿಂದ 2012ರ ತಿದ್ದುಪಡಿಯಲ್ಲಿ ಅವರು ಓದಬಲ್ಲ ಯಾವ ರೂಪವಾದರೂ ಸರಿ ಎಂದಾಯಿತು. ಸ್ವಂತ ಓದಿಗೆ, ಕಲಿಕೆಗೆ, ಸಂಶೋಧನೆಗೆ ಯಾರು ಬೇಕಾದರೂ ಅಂಥ ಪ್ರತಿ ಮಾಡಿ ಅಂಗವಿಕಲರಿಗೆ ಕೊಡಬಹುದು. ಪ್ರಕಾಶಕರ ಅಪ್ಪಣೆ ಬೇಕಿಲ್ಲ. ಮುಂದೆ, ಅಂಧರಿಗೆ ಓದಬಲ್ಲ ರೂಪದಲ್ಲಿ ಪುಸ್ತಕ ಸಿಗಲೆಂದೇ ಆದ ಅಂತರರಾಷ್ಟ್ರೀಯ ಮರ್ರಾಕೆಷ್ ಒಪ್ಪಂದವನ್ನು 2014ರಲ್ಲಿ ಜಗತ್ತಿನಲ್ಲೇ ಮೊದಲು ಅನುಮೋದಿಸಿದ ದೇಶವೂ ನಮ್ಮದೇ. ಹೀಗಾಗಿ ಅನುಮತಿಯ ಮಾತು ಮುಗಿದಿದೆ. ಉಳಿದಿರುವುದು ಕೂಲಿಯ ಮಾತು: ಡಿಟಿಪಿ ಮಾಡಿದ ಕಡತ ಪ್ರಕಾಶಕರ ಕಂಪ್ಯೂಟರಿನಲ್ಲೇ ಇರುವಾಗ ಅಂಧ ವಿದ್ಯಾರ್ಥಿಯ ತಂಗಿಯೋ ಸಹಪಾಠಿಯೋ ಆ ಪುಸ್ತಕವನ್ನು ಪುಟಪುಟವಾಗಿ ಮತ್ತೆ ಸ್ಕ್ಯಾನ್ ಮಾಡುತ್ತಾ ಏಕೆ ಕೂರಬೇಕು?

ಕಡತ ಕೊಟ್ಟರೂ ಒಂದು ತೊಡಕಿದೆ, ಒಪ್ಪುತ್ತೇನೆ. ಯೂನಿಕೋಡ್‌ನಲ್ಲಿ ಕನ್ನಡ ಇರುವುದು 1991ರಿಂದ. ನಮ್ಮ ಡಿಟಿಪಿ ಅಂಗಡಿಗಳು ಮಾತ್ರ ಇನ್ನೂ ಹಳೆಯ ಫಾಂಟುಗಳನ್ನು ಬಿಟ್ಟಿಲ್ಲ. ಕಾಣುವುದಕ್ಕೆ ಕನ್ನಡ, ಒಳಗಿರುವುದು ಕೊಂಬು, ಬಾಲ ಅಂಟಿಸಿಕೊಂಡ ಲ್ಯಾಟಿನ್ ಅಕ್ಷರ. ಸ್ಕ್ರೀನ್ ರೀಡರ್ ಅದನ್ನು ಓದಿದರೆ ಮೈಮೇಲೆ ದೆವ್ವ ಬಂದಂತಿರುತ್ತದೆ. ಅದನ್ನು ಯೂನಿಕೋಡ್‌ಗೆ ತಿರುಗಿಸುವ ತಂತ್ರಾಂಶಗಳಿವೆ. ಕೆಲಸ ನಿಮಿಷಗಳದು.

ಸರ್ಕಾರದ್ದು ಇನ್ನೂ ವಿಚಿತ್ರ. ಆದೇಶವನ್ನು ಕಂಪ್ಯೂಟರಿನಲ್ಲೇ ಟೈಪ್ ಮಾಡುತ್ತಾರೆ. ಆಮೇಲೆ ಮುದ್ರಿಸಿ, ಸಹಿ ಹಾಕಿ, ಮೊಹರು ಒತ್ತಿ, ವಾರೆಯಾಗಿ ಸ್ಕ್ಯಾನ್ ಮಾಡಿ ಜಾಲತಾಣಕ್ಕೆ ಏರಿಸುತ್ತಾರೆ. ಅಂಗವಿಕಲರ ಮೀಸಲಾತಿಯ ಸುತ್ತೋಲೆಯೂ ಇದೇ ದಾರಿಯಲ್ಲಿ ಚಿತ್ರವಾಗಿ ಬಂದು ಕೂರುವುದುಂಟು. ಡಿಜಿಟಲ್ ಸೌಲಭ್ಯ ತಲುಪುವುದು ಬದುಕುವ ಹಕ್ಕಿನದೇ ಭಾಗ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್‌ನಲ್ಲಿ ಹೇಳಿದ ಮೇಲೂ ಸ್ಕ್ಯಾನರ್‌ಗೆ ಬಿಡುವಿಲ್ಲ.

ಪುಸ್ತಕಗಳ ಮಟ್ಟಿಗಾದರೂ ಇದನ್ನು ಸರಿಪಡಿಸುವ ಕೀಲಿ ಸರ್ಕಾರದ ಗ್ರಂಥಾಲಯ ಇಲಾಖೆಯ ಬಳಿಯೇ ಇದೆ. ಕನ್ನಡದ ಎಷ್ಟೋ ಪ್ರಕಾಶಕರು ಉಸಿರಾಡುವುದು ಇಲಾಖೆಯ ಸಗಟು ಖರೀದಿಯಿಂದ. ಅಚ್ಚಾದ ಪ್ರತಿಗಳ ಜೊತೆಗೆ ಯೂನಿಕೋಡ್ ಕಡತವೊಂದನ್ನು ಕೊಡಬೇಕೆಂಬ ಒಂದು ಸಾಲನ್ನು ಖರೀದಿಯ ಷರತ್ತಿಗೆ ಸೇರಿಸಿದರೆ ಸಾಕು. ಆ ಕಡತಗಳು ‘ಸುಗಮ್ಯ ಪುಸ್ತಕಾಲಯ’ಕ್ಕೆ ಹೋಗಲಿ. ಅಂಧರಿಗಾಗಿಯೇ 2016ರಲ್ಲಿ ಆರಂಭವಾದ ಆನ್‌ಲೈನ್ ಗ್ರಂಥಾಲಯ ಅದು. ನೋಂದಾಯಿಸಿದವರಿಗಷ್ಟೇ ಪುಸ್ತಕ ಕೊಡುತ್ತದೆ. ಕಳ್ಳತನದ ಭಯಕ್ಕೂ ಅಲ್ಲಿ ಉತ್ತರವಿದೆ. ಇದು ದಾನವೂ ಅಲ್ಲ. ಆಸ್ತಿ ತೆರಿಗೆಯ ಜೊತೆ ನಾವೆಲ್ಲ ಗ್ರಂಥಾಲಯ ಕರ ಕಟ್ಟುತ್ತೇವೆ. ನನ್ನ ಗೆಳೆಯರಿಗೂ ಸ್ವಂತ ಮನೆಯಿದೆ, ಅವರೂ ಕಟ್ಟುತ್ತಾರೆ. ರಸೀತಿಯಲ್ಲಿ ಕಣ್ಣಿದ್ದವರಿಗೆ ಬೇರೆ, ಇಲ್ಲದವರಿಗೆ ಬೇರೆ ದರವಿಲ್ಲ.

ಅಂದಹಾಗೆ ಆ ಛಂದಸ್ಸಿನ ಪುಸ್ತಕವನ್ನು ನಾನೇ ಓಸಿಆರ್‌ಗೆ ಕೊಟ್ಟು, ಬಂದದ್ದನ್ನು ತಿದ್ದದೆ ಹಾಗೆಯೇ ಅವರಿಗೆ ಕಳಿಸಿದೆ, ಸ್ವಲ್ಪ ನಾಚಿಕೆಯಿಂದಲೇ. ಹತ್ತು ದಿನಕ್ಕೆ ತಪ್ಪುಗಳ ಪಟ್ಟಿ ಬಂತು. ಪದ್ಯಗಳನ್ನು ಕಿವಿಯಲ್ಲಿ ಕೇಳಿ, ಮಾತ್ರೆ ಎಣಿಸಿ, ಎಲ್ಲಿ ಅಕ್ಷರ ಜಾರಿದೆ ಎಂದು ಗುರುತು ಹಾಕಿದ್ದರು. ಸ್ಕ್ಯಾನ್ ಪ್ರತಿಯ ಜೊತೆ ಹೋಲಿಸುತ್ತಾ ಕುಳಿತೆ. ಎರಡು ಕಡೆ ಯಂತ್ರ ಸರಿಯಾಗಿಯೇ ಓದಿತ್ತು. ತಪ್ಪು ಮೂಲ ಪುಸ್ತಕದ ಅಚ್ಚಿನಲ್ಲೇ ಇತ್ತು.